ವೆಲ್ಮಾರಾದ ಕೆಂಪಕ್ಷರ

ಹನ್ನೆರಡನೇ ತಾರೀಕು, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ಒಂದು ದೂರು ಬಂತು. ಅಂಥ ದೂರು ಆ ಠಾಣೆಗೆ ಮಾತ್ರವಲ್ಲ, ಪೊಲೀಸು ಎಂಬ ಇಲಾಖೆ ಹುಟ್ಟಿದಾಗಿನಿಂದ ಭೂಮಿಯ ಮೇಲಿನ ಯಾವ ಠಾಣೆಗೂ ಬಂದಿರಲಿಲ್ಲ. ಎಮ್ಮೆ ಕಳೆದುಕೊಂಡವರು ಬಂದಿದ್ದರು, ಗಂಡನನ್ನು ಕಳೆದುಕೊಂಡವರು ಬಂದಿದ್ದರು, ಕಳೆದುಹೋದ ಗಂಡ ಮತ್ತೆ ಸಿಕ್ಕಿಬಿಟ್ಟನೆಂದು ಅಳುತ್ತ ಬಂದವರೂ ಇದ್ದರು. ಅಕ್ಷರ ಕಳೆದುಕೊಂಡು ಬಂದವರು ಇವರೇ ಮೊದಲು.

"ಏನು ಕಳುವಾಗಿದೆ ಅಂದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಆರ್."

"ಆರ್ ಅಂದ್ರೆ?"

"ಆರ್ ಅಂದ್ರೆ ಆರೇ ಸಾಹೇಬ್ರೆ. ಇಂಗ್ಲಿಷಿನ ಆರ್. ಕೆಂಪು ಬಣ್ಣದ್ದು."

ಪಕ್ಕದಲ್ಲಿ ಪೆನ್ನು ಹಿಡಿದು ಕೂತಿದ್ದ ದಫೇದಾರ ಮುಖ ಎತ್ತದೆ ಹೇಳಿದ. "ಬಾಕಿ ಇಪ್ಪತ್ತೈದು ಭದ್ರವಾಗಿವೆಯಾ ಕೇಳಿ ಸಾರ್."

ದೂರುದಾರರು ಸೋಪಿನ ಕಾರ್ಖಾನೆಯ ಮಾಲೀಕರು. ಊರು ಅವರನ್ನು ಸೋಪು ಸಾಹುಕಾರರೆಂದೇ ಕರೆಯುತ್ತಿತ್ತು. ಅವರ ಅಂಗಿಯ ಇಸ್ತ್ರಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಅಂಥವರು ಅಂದು ಗಡ್ಡ ಕೂಡ ಬೋಳಿಸದೆ ಓಡಿಬಂದಿದ್ದರು.

ಬಿಡಿಸಿ ಕೇಳಿದ ಮೇಲೆ ಗೊತ್ತಾದದ್ದು ಇಷ್ಟು. ಸಾಹುಕಾರರ ತಂದೆ ಬಿಟ್ಟುಹೋದ ಹಳೆಯ ಸ್ಪೋರ್ಟ್ಸ್ ಕಾರೊಂದು ಅವರ ಮನೆಯ ಗ್ಯಾರೇಜಿನಲ್ಲಿದೆ. ಅದರ ಹೆಸರು ವೆಲ್ಮಾರಾ. ಹಿಂಭಾಗದಲ್ಲಿ, ಡಿಕ್ಕಿಯ ಬಾಗಿಲ ಮೇಲೆ, ಕ್ರೋಮಿನ ಕೂಡುಬರಹದಲ್ಲಿ ಆ ಹೆಸರಿದೆ. ಹೆಸರಿನ ಮಗ್ಗುಲಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡದೊಂದು ಕೆಂಪು ‘ಆರ್’ ಇತ್ತು. ನಿನ್ನೆಯವರೆಗೆ ಇತ್ತು, ಇಂದು ಇಲ್ಲ.

"ಬರೀ ವೆಲ್ಮಾರಾ ಊರಿಗೆ ಹತ್ತು ಸಿಗುತ್ತೆ. ವೆಲ್ಮಾರಾ ಆರ್ ಪ್ರಪಂಚಕ್ಕೆಲ್ಲ ಅರವತ್ತೆರಡೇ. ರೇಸಿಗೆ ಅಂತಲೇ ಮಾಡಿದ್ದು. ಅದರಲ್ಲಿ ಒಂದು ನಮ್ಮಪ್ಪಂದು."

"ಕಾರು ಇದೆ ತಾನೇ?"

"ಇದೆ."

"ಇಂಜಿನ್ನು, ಚಕ್ರ, ಸ್ಟೀರಿಂಗು?"

"ಎಲ್ಲ ಇದೆ ಸಾಹೇಬ್ರೆ. ಮುಖ ಪೂರ್ತಿ ಇದೆ, ಮೂಗು ಮಾತ್ರ ಕೊಯ್ದುಕೊಂಡು ಹೋಗಿದ್ದಾರೆ."

ಭಾನುವಾರ ಹಳೆಯ ಕಾರುಗಳ ಪ್ರದರ್ಶನ. ಅಲ್ಲಿ ಸಾಹುಕಾರರ ಕಾರಿಗೆ ‘ಅಸಲಿ’ ಎಂಬ ಪ್ರಮಾಣಪತ್ರ ಕೊಡುವುದೆಂದು ನಿಶ್ಚಯವಾಗಿತ್ತು. ಪರೀಕ್ಷಕಿ ಇವತ್ತೇ ಹನ್ನೊಂದಕ್ಕೆ ಬರುವವರಿದ್ದರು. ಕಾರಿನ ಮೇಲಿನ ಒಂದು ಅಕ್ಷರ ಕಡಿಮೆಯಿದ್ದರೂ ಅವರು ಸಹಿ ಹಾಕುವಂತಿಲ್ಲ, ಅದು ನಿಯಮ.

"ಆಕೆಯ ಸಹಿ ಅಂದ್ರೆ ಬ್ರಹ್ಮಲಿಪಿ," ಎಂದರು ಸಾಹುಕಾರರು. "ಹನ್ನೆರಡು ವರ್ಷದಲ್ಲಿ ಒಂದು ಸಹಿ ಸುಳ್ಳಾಗಿಲ್ಲ."

ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಕಳುವಾದ ಮಾಲಿನ ಅಂಕಣದಲ್ಲಿ ದಫೇದಾರ ಮುತ್ತಿನಂಥ ಅಕ್ಷರದಲ್ಲಿ ಬರೆದ: ಕೆಂಪು ಬಣ್ಣದ ಲೋಹದ ಅಕ್ಷರ, ಒಂದು.

ಇನ್‌ಸ್ಪೆಕ್ಟರಿಗೆ ನಗು ಬರಬೇಕಿತ್ತು, ಬರಲಿಲ್ಲ. ಕಾರಣ ಠಾಣೆಯ ಅಂಗಳದಲ್ಲಿ ನಿಂತಿತ್ತು. ಅವರ ಸ್ವಂತ ಕಾರು ಬಡಪಾಯಿ ಮಾದರಿಯದು. ನಾಲ್ಕು ಜನ ಕೂತರೆ ಏರಿನಲ್ಲಿ ಇಬ್ಬರು ಇಳಿದು ತಳ್ಳಬೇಕು. ಹಾಗಿದ್ದೂ ಅದರ ಬೆನ್ನ ಮೇಲೆ, ಜೋರು ಇಂಜಿನ್ನಿನ ಕಾರುಗಳ ಮೇಲಿರುವಂತೆ, ಬೆಳ್ಳಿಬಣ್ಣದ ದಪ್ಪ ಅಕ್ಷರಗಳಲ್ಲಿ ‘ಟರ್ಬೊ’ ಎಂದಿತ್ತು. ಎರಡು ವರ್ಷದ ಹಿಂದೆ, ಭಾವಮೈದುನ ದೊಡ್ಡ ಕಾರು ತಂದ ವಾರವೇ, ಇನ್‌ಸ್ಪೆಕ್ಟರ್ ಬಿಡಿಭಾಗದ ಅಂಗಡಿಗೆ ಮಫ್ತಿಯಲ್ಲಿ ಹೋಗಿ ಅದನ್ನು ಕೊಂಡುತಂದು ತಾವೇ ಅಂಟಿಸಿದ್ದರು. ಕೊಲೆಗಾರನ ಬಾಯಿ ಬಿಡಿಸಿದ ಮನುಷ್ಯನ ಬಾಯನ್ನು ‘ಟರ್ಬೊನಾ ಸಾರ್?’ ಎಂಬ ಒಂದು ಪ್ರಶ್ನೆ ಕಟ್ಟಿಹಾಕುತ್ತಿತ್ತು. ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು.

ಜೀಪು ಮೂರು ದಿನದಿಂದ ರಿಪೇರಿಗೆ ಹೋಗಿ ಮಲಗಿತ್ತು. "ಏನ್ ಸಾರ್, ಟರ್ಬೊದಲ್ಲೇ ಹೋಗೋಣ್ವಾ?" ಎಂದ ದಫೇದಾರ. ಅವನ ಮುಖದಲ್ಲಿ ಹಾಲು ಕುಡಿದ ಮಗುವಿನ ಮುಗ್ಧತೆ ಇತ್ತು.

"ಸುಮ್ನೆ ಹತ್ತು."

ಹತ್ತು ನಲವತ್ತಕ್ಕೆ ಸ್ಥಳ ತಲುಪಿದರು. ಸಾಹುಕಾರರ ಗ್ಯಾರೇಜು ಎಷ್ಟು ಚೊಕ್ಕಟವೆಂದರೆ ಇರುವೆಗಳೂ ಕಾಲು ಒರೆಸಿಕೊಂಡು ಒಳಗೆ ಬರುತ್ತಿದ್ದವು. ನೆಲಕ್ಕೆ ಕರಿಬಿಳಿ ಹಾಸುಗಲ್ಲು. ಗೋಡೆಯ ಮೇಲೆ ಸಾಹುಕಾರರ ತಂದೆಯ ಆಳೆತ್ತರದ ಫೋಟೊ. ಕಾರಿಗೆ ಒರಗಿ ನಿಂತು ಎಡಗೈಯನ್ನು ಆ ಕೆಂಪಕ್ಷರದ ಪಕ್ಕದಲ್ಲಿ ಇಟ್ಟುಕೊಂಡ ಭಂಗಿ. ಫೋಟೊದ ಕೆಳಗೆ ಕಾರು. ಅದರ ಕಡುಹಸಿರು ಬಣ್ಣದಲ್ಲಿ ದಫೇದಾರ ತನ್ನ ಮೀಸೆ ತೀಡಿಕೊಂಡ.

ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ. ನಿನ್ನೆ ಬುಧವಾರ ಸಂಜೆ ನಾಲ್ಕರಿಂದ ಆರರವರೆಗೆ ಸಾಹುಕಾರರೇ ಜನರನ್ನು ಕರೆದು ಕಾರು ತೋರಿಸಿದ್ದರು. ಇಂಜಿನ್ನಿನ ಮುಚ್ಚಳವೂ ಡಿಕ್ಕಿಯೂ ತೆರೆದಿದ್ದವು. ಅಕ್ಷರದ ಹಿಂದಿನ ಎರಡು ಕಡ್ಡಿಗಳು ತಗಡಿನ ತೂತುಗಳಲ್ಲಿ ಹಾಯ್ದು ಡಿಕ್ಕಿಯ ಒಳಗೆ ನಟ್ಟಿನಿಂದ ಬಿಗಿದಿದ್ದವು. ಗೊತ್ತಿದ್ದವನಿಗೆ ಎರಡು ನಿಮಿಷದ ಕೆಲಸ.

ಪಂಚನಾಮೆಗೆ ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದದ್ದಾಯಿತು. ದಫೇದಾರ ತೂತಿನ ಆಳ ಅಳೆಯಲು ಬೆಂಕಿಕಡ್ಡಿ ತೂರಿಸಿದ. ಅದು ಒಳಗೆ ಹೋಗಲಿಲ್ಲ. ಹೊರಗೆ ತೆಗೆದು ನೋಡಿದರೆ ತುದಿಗೆ ಕಪ್ಪಗೆ ಏನೋ ಮೆತ್ತಿತ್ತು.

"ಸಾರ್, ತೂತು ಮುಚ್ಚಿದಾರೆ."

"ಯಾರು?"

"ಕಳ್ಳನೇ ಇರ್ಬೇಕು. ಕಿತ್ತ ಜಾಗಕ್ಕೆ ಮುಲಾಮು ಹಚ್ಚಿ ಹೋಗಿದಾನೆ."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಲಕ್ಷ ಕಳ್ಳರನ್ನು ಕಂಡಿದ್ದರು, ಕಡಿಮೆಯೆಂದರೂ ಲಕ್ಷ. ಆದರೆ ಕದ್ದ ಮನೆಯ ಬಾಗಿಲನ್ನು ಗಾಳಿಗೆ ಬಡಿಯದ ಹಾಗೆ ಚಿಲಕ ಹಾಕಿ ಹೋದವನನ್ನು ಕಂಡಿರಲಿಲ್ಲ. ಇವನು ಅಂಥವನು.

ಸರಿಯಾಗಿ ಹನ್ನೊಂದಕ್ಕೆ ಪರೀಕ್ಷಕಿ ಬಂದರು. ನಲವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಉಪಕರಣದ ಪೆಟ್ಟಿಗೆ, ಕಿವಿಯ ಹಿಂದೆ ಪೆನ್ಸಿಲ್ಲು. ನಡೆದದ್ದನ್ನು ಕೇಳಿ, ಸಣ್ಣ ಟಾರ್ಚು ಹಿಡಿದು ತೂತಿನ ಮುಂದೆ ಮಂಡಿಯೂರಿದರು. ಬೆಂಕಿಕಡ್ಡಿಯ ತುದಿಯ ಕಪ್ಪನ್ನು ಮೂಸಿದರು. ಆಮೇಲೆ ಎಷ್ಟು ಹೊತ್ತು ಹಾಗೇ ಇದ್ದರೆಂದರೆ ಪಂಚರಲ್ಲಿ ಒಬ್ಬರು ಆಕೆಗೆ ತಲೆ ಸುತ್ತಿತೆಂದೇ ತಿಳಿದು ನೀರು ತರಲು ಹೊರಟರು.

"ಏನದು ಮೇಡಂ?" ಇನ್‌ಸ್ಪೆಕ್ಟರ್ ಕೇಳಿದರು.

"ಜೇನುಮೇಣ. ದೀಪದ ಮಸಿ ಬೆರೆಸಿದ್ದು. ತೂತಿಗೆ ನೀರು ಇಳಿದು ತಗಡು ತುಕ್ಕು ಹಿಡಿಯಬಾರದು ಅಂತ ಹಾಕ್ತಾರೆ."

"ಕಳ್ಳರು ಹಾಕ್ತಾರಾ?"

"ಕೆಲಸ ಬಲ್ಲವರು ಹಾಕ್ತಾರೆ." ಆಕೆ ಎದ್ದು ನಿಂತರು. "ಮೇಣ ತೆಗೆದು ಒಳಗೆ ನೋಡ್ಬೇಕು. ಪಂಚರ ಮುಂದೆಯೇ."

ತೆಗೆದು ನೋಡಿದರು. ಮೊದಲು ‘ವೆಲ್ಮಾರಾ’ ಹೆಸರಿನ ಒಂದು ತುದಿ ಸಡಿಲಿಸಿ ಅದರ ತೂತನ್ನು ತೋರಿಸಿದರು. ಆಮೇಲೆ ಆರ್‌ನ ತೂತನ್ನು ತೋರಿಸಿದರು.

"ಕಾರ್ಖಾನೆಯಲ್ಲಿ ಮೊದಲು ತೂತು, ಆಮೇಲೆ ಬಣ್ಣ. ಅದಕ್ಕೇ ನೋಡಿ, ಹೆಸರಿನ ತೂತಿನ ಒಳಗೋಡೆಗೂ ಬಣ್ಣ ಇದೆ. ಆರ್‌ದು ಬರೀ ತಗಡು. ಬಣ್ಣ ಒಣಗಿದ ಮೇಲೆ ಯಾರೋ ಕೈಯಾರೆ ಕೊರೆದಿದ್ದಾರೆ."

"ಅಂದ್ರೆ?"

"ಅಂದ್ರೆ ಇದು ಆರ್ ಅಲ್ಲ. ಯಾವತ್ತೂ ಆಗಿರಲಿಲ್ಲ. ಊರಿಗೆ ಹತ್ತು ಸಿಗುತ್ತಲ್ಲ, ಅದರಲ್ಲಿ ಒಂದು."

 ಸಾಹುಕಾರರ ಮುಖ ಮೊದಲು ಕೆಂಪಾಯಿತು, ಆಮೇಲೆ ಅವರದೇ ಕಾರ್ಖಾನೆಯ ಸೋಪಿನ ಬಣ್ಣಕ್ಕೆ ತಿರುಗಿತು. ಗೋಡೆಯ ಫೋಟೊದ ಕಡೆ ಅವರು ನೋಡಲಿಲ್ಲ. ನೋಡದಿರಲು ಕತ್ತನ್ನು ಎಷ್ಟು ತಿರುಗಿಸಬೇಕೋ ಅಷ್ಟನ್ನೂ ತಿರುಗಿಸಿದರು.

"ಸಾಹೇಬ್ರೆ," ಎಂದರು ಕಡೆಗೆ, "ದೂರು ವಾಪಸ್ ತಗೋತೀನಿ."

"ಎಫ್‌ಐಆರ್ ಆಗಿದೆ ಸಾಹುಕಾರ್ರೆ. ಅದೇನು ಸೋಪಾ, ನೀರು ಹಾಕಿದ ತಕ್ಷಣ ಕರಗೋಕೆ?"

"ಅಪ್ಪ ಸಾಯೋವಾಗಲೂ ಆರ್ ಹೇಗಿದೆ ಅಂತ ಕೇಳಿದ್ರು ಸಾರ್. ನಾನು ಹೇಗಿದೀನಿ ಅಂತ ಕೇಳ್ಲಿಲ್ಲ." ಇಷ್ಟು ಹೇಳಿ ಅವರು ಕಾರಿನ ಹೊದಿಕೆ ಎಳೆಯಲು ಹೋದರು. ಹೊದಿಕೆ ಅಡ್ಡಡ್ಡ ಬಿತ್ತು. ದಫೇದಾರ ಯಾವ ಜೋಕೂ ಹೇಳದೆ ಇನ್ನೊಂದು ತುದಿ ಹಿಡಿದು ಸರಿಮಾಡಿದ.

ಹೊರಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ಪರೀಕ್ಷಕಿಯನ್ನು ಕೇಳಿದರು. "ಅಕ್ಷರ ಕಳುವಾಗದೇ ಇದ್ದಿದ್ರೆ ಇವತ್ತು ಏನಾಗ್ತಿತ್ತು?"

"ಸಹಿ ಹಾಕ್ತಿದ್ದೆ. ಅರ್ಜಿಯೆಲ್ಲ ತುಂಬಿ ಆಗಿದೆ. ಅಕ್ಷರ ಬಿಚ್ಚಿ ಯಾರೂ ನೋಡಲ್ಲ ಸಾರ್, ಹಳೆ ಗಾಡಿ ಬಣ್ಣ ಎದ್ದೀತು ಅಂತ."

"ಆಮೇಲೆ?"

"ಇವತ್ತಲ್ಲ ನಾಳೆ ಯಾರೋ ಬಿಚ್ಚಿ ನೋಡ್ತಿದ್ರು. ಆಮೇಲೆ ನನ್ನ ಹತ್ತಿರ ಸೈಕಲ್ ಪರೀಕ್ಷೆಗೂ ಯಾರೂ ಬರ್ತಿರಲಿಲ್ಲ."

"ಹಾಗಾದ್ರೆ ಕಳ್ಳ ನಿಮ್ಮನ್ನ ಉಳಿಸಿದಾನೆ."

ಆಕೆ ಪೆನ್ಸಿಲ್ಲನ್ನು ಕಿವಿಯ ಹಿಂದೆ ಇನ್ನೊಮ್ಮೆ ಸಿಕ್ಕಿಸಿಕೊಂಡರು. ಲಿಖಿತ ಅಭಿಪ್ರಾಯವನ್ನು ನಾಳೆ ಬೆಳಿಗ್ಗೆ ಠಾಣೆಗೇ ತಂದು ಕೊಡುವುದಾಗಿ ಹೇಳಿ ಹೋದರು. ಪೆಟ್ಟಿಗೆಯನ್ನು ಅಲ್ಲೇ ಮರೆತಿದ್ದರು. ಅರ್ಧ ದಾರಿಯಿಂದ ವಾಪಸ್ ಬಂದು ಒಯ್ದರು.

ಮಧ್ಯಾಹ್ನ ಹನ್ನೆರಡೂವರೆಗೆ ಕಾವಲುಗಾರನ ಹೇಳಿಕೆ. ಅವನು ಎಂಟು ಮಕ್ಕಳ ಅಪ್ಪ, ಹಾಗಾಗಿ ಏನು ನಡೆದರೂ ಬೆರಗಾಗುವ ಶಕ್ತಿಯನ್ನು ಕಳೆದುಕೊಂಡಿದ್ದ.

"ನಿನ್ನೆ ಎಷ್ಟು ಜನ ಬಂದಿದ್ರು?"

"ನಲವತ್ತು. ಪುಸ್ತಕದಲ್ಲಿ ಸಹಿ ಇದೆ. ಒಬ್ಬರದ್ದು ಇಲ್ಲ."

"ಯಾರದ್ದು?"

"ವಯಸ್ಸಾದೋರು ಸಾರ್. ಬಟ್ಟೆ ಚೀಲ ಇತ್ತು. ಕಣ್ಣು ಕಾಣಲ್ಲ, ಸಹಿ ಆಮೇಲೆ ಮಾಡ್ತೀನಿ ಅಂದ್ರು. ಮಾಡ್ಲಿಲ್ಲ."

"ನೋಡೋಕೆ ಹೇಗಿದ್ರು?"

"ಎಲ್ಲ ಮುದುಕರ ಹಾಗೇ ಇದ್ರು." ಕಾವಲುಗಾರ ಕಿವಿ ಕೆರೆದುಕೊಂಡ. "ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ್ರು. ಬಾಕಿ ಎಲ್ಲರೂ ಬೂಟು ಹಾಕ್ಕೊಂಡೇ ಹೋದ್ರು, ಇವರೊಬ್ರು ಬಿಟ್ರು. ಯಾಕೆ ಅಂದ್ರೆ, ಧೂಳು ಏಳುತ್ತಪ್ಪ ಅಂದ್ರು. ನಾನು ಒಂದು ಗಂಟೆ ಆ ಚಪ್ಪಲಿ ಕಾದೆ ಸಾರ್. ಕಾಯಬೇಕಾಗಿದ್ದು ಅಕ್ಷರ ಅಂತ ಯಾರಿಗೆ ಗೊತ್ತಿತ್ತು?"

ಇನ್‌ಸ್ಪೆಕ್ಟರ್ ಈ ಮಾತನ್ನು ಎರಡು ಸಲ ಬರೆದುಕೊಂಡರು. ಧೂಳು ಏಳುತ್ತದೆ. ಕನ್ನಡಿಯಂಥ ಹಾಸುಗಲ್ಲಿನ ಮೇಲೆ ಎಲ್ಲಿಯ ಧೂಳು?

ಮೇಣ, ಧೂಳು ಎರಡರ ಜಾಡನ್ನೂ ಹಿಡಿದು ಮಧ್ಯಾಹ್ನ ಎರಡರಿಂದ ಇಬ್ಬರೂ ಊರಿನ ಪೇಂಟಿಂಗ್ ಗ್ಯಾರೇಜುಗಳನ್ನು ಸುತ್ತಿದರು. ಮೊದಲ ಮೂರರಲ್ಲಿ ಕೆಲಸದವರು ಬೂಟು ಹಾಕಿಕೊಂಡೇ ಗಾಡಿಗಳ ಸುತ್ತ ಓಡಾಡುತ್ತಿದ್ದರು. ನಾಲ್ಕನೆಯದು ರೈಲುಗೇಟಿನ ಪಕ್ಕದ ಶೆಡ್ಡು. ಅದರ ಬಾಗಿಲಲ್ಲಿ ಆರು ಜೊತೆ ಚಪ್ಪಲಿ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಒಳಗೆ ಬರಿಗಾಲಿನ ಪೇಂಟರ್ ಒಬ್ಬ ಟ್ಯಾಕ್ಸಿಯ ಬಾಗಿಲಿಗೆ ಬಣ್ಣ ಊದುತ್ತಿದ್ದ.

"ಒಳಗೆ ಬರ್ಬೇಡಿ ಸಾರ್! ಬೂಟು!"

"ಯಾಕಪ್ಪಾ?"

"ಹಸಿ ಬಣ್ಣದ ಮೇಲೆ ಒಂದು ಕಣ ಧೂಳು ಕೂತ್ರೆ ಯಜಮಾನ್ರು ನಮ್ಮ ಚರ್ಮ ಸುಲೀತಿದ್ರು."

"ಯಾವ ಯಜಮಾನ್ರು?"

"ನಮಗೆಲ್ಲ ಕಲಿಸಿದೋರು. ಈ ಊರಲ್ಲಿ ಚಪ್ಪಲಿ ಬಿಟ್ಟು ಬಣ್ಣ ಹೊಡೆಯೋನು ಯಾರಾದ್ರೂ ಇದ್ರೆ ಅವನು ಅವರ ಶಿಷ್ಯನೇ."

ದಫೇದಾರ ಜೇಬಿನಿಂದ ಬೆಂಕಿಕಡ್ಡಿ ತೆಗೆದು ಮುಂದೆ ಹಿಡಿದ. ಪೇಂಟರ್ ಒಮ್ಮೆ ಮೂಸಿ ನಕ್ಕ. "ಇದೂ ಅವರದ್ದೇ. ಜೇನುಮೇಣ, ದೀಪದ ಮಸಿ, ಇನ್ನೊಂದು ಏನೋ ಹಾಕ್ತಾರೆ, ನಮಗೆ ಹೇಳಿಲ್ಲ. ಮಗಳಿಗೊಬ್ಬಳಿಗೇ ಹೇಳಿಕೊಟ್ಟಿದ್ದು."

"ಮಗಳು ಏನು ಮಾಡ್ತಾರೆ?"

"ಅಯ್ಯೋ, ಗೊತ್ತಿಲ್ವಾ? ಹಳೆ ಗಾಡಿ ಪರೀಕ್ಷೆ ಮಾಡೋ ಮೇಡಂ ಅವರೇ ಅಲ್ವಾ!"

ಟರ್ಬೊ ಆ ಸಂಜೆ ಠಾಣೆಯ ಕಡೆ ಎಂದಿಗಿಂತಲೂ ನಿಧಾನವಾಗಿ ಬಂತು.  ಎಮ್ಮೆಗಾಡಿಯೊಂದು ಹಿಂದಿಕ್ಕಿ ಹೋದಾಗ ದಫೇದಾರ ನಿಟ್ಟುಸಿರು ಬಿಟ್ಟ.

ಹದಿಮೂರನೇ ತಾರೀಕು, ಶುಕ್ರವಾರ, ಬೆಳಿಗ್ಗೆ ಎಂಟೂವರೆ. ಇನ್‌ಸ್ಪೆಕ್ಟರ್ ಬರುವ ಮೊದಲೇ ಪರೀಕ್ಷಕಿ ಬಂದು ಲಕೋಟೆ ಕೊಟ್ಟು ಹೋಗಿದ್ದರು. ಒಳಗೆ ಒಂದೂವರೆ ಪುಟದ ಅಭಿಪ್ರಾಯ, ಟೈಪು ಮಾಡಿದ್ದು. ತೂತಿನ ಅಳತೆ, ತಗಡಿನ ದಪ್ಪ, ಬಣ್ಣದ ಪದರ. ಆರ್ ಮಾದರಿಯ ಪಟ್ಟಿ ಕಾರು ತಯಾರಿಸಿದ ಕಾರ್ಖಾನೆ ಮುಚ್ಚಿದಾಗಲೇ ಸುಟ್ಟುಹೋದದ್ದರಿಂದ, ಕಾರನ್ನು ಹಿಂದೆ ಕಂಡಿದ್ದ ಹಳಬರ ಮಾತಿನ ಮೇಲೆ ಈ ಅರ್ಜಿಯನ್ನು ತಯಾರಿಸಲಾಗಿತ್ತು ಎಂಬ ವಿವರಣೆ. ಎಲ್ಲಕ್ಕಿಂತ ಕೆಳಗೆ, ಟೈಪಿನಲ್ಲಲ್ಲ, ಪೆನ್ಸಿಲಿನಲ್ಲಿ ಎರಡು ಸಾಲು:

‘ಆ ಹಳಬರು ನನ್ನ ತಂದೆ. ತೂತು ಮುಚ್ಚಿದ ಮೇಣ ಅವರು ತಯಾರಿಸುವಂಥದ್ದು.’

ಇನ್‌ಸ್ಪೆಕ್ಟರ್ ಓದಿದರು. ಇನ್ನೊಮ್ಮೆ ಓದಿದರು. ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸಬಹುದು. ರಬ್ಬರು ಅವರ ಮೇಜಿನ ಮೇಲೆಯೇ ಇತ್ತು. ಆಕೆಗೂ ಅದು ಗೊತ್ತಿದ್ದೇ ಬರೆದಿರಬೇಕು. ಅಳಿಸುವುದಾದರೆ ನೀವು ಅಳಿಸಿ, ನಾನು ಬರೆದಾಯಿತು ಎನ್ನುವಂತೆ. ಅವರು ಲಕೋಟೆಯನ್ನು ಮಡಚಿ ಎದೆಯ ಜೇಬಿಗೆ ಹಾಕಿಕೊಂಡು ದಫೇದಾರನನ್ನು ಕರೆದರು.

ಒಂಬತ್ತೂವರೆಗೆ ರೈಲುಗೇಟಿನ ಹಿಂದಿನ ಬೀದಿ. ಎರಡು ಕೋಣೆಯ ಮನೆ. ಅದರ ಬಾಗಿಲಿಗೆ ಹೊಡೆದ ಬಣ್ಣ ಆ ಬೀದಿಯ ಎಲ್ಲ ಮನೆಗಳ ಒಟ್ಟು ಬೆಲೆಗಿಂತ ಚೆನ್ನಾಗಿತ್ತು. ಯಜಮಾನರೇ ಬಾಗಿಲು ತೆರೆದರು. ಎಪ್ಪತ್ತು ದಾಟಿದ ಸಣಕಲು ಮನುಷ್ಯ, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ಹಳೆಯ ಬಣ್ಣ.

"ಬನ್ನಿ," ಎಂದರು. "ನಿನ್ನೆಯೇ ಬರ್ತೀರಿ ಅಂದ್ಕೊಂಡಿದ್ದೆ. ಮಗಳು ಇಲ್ಲ. ಒಳ್ಳೇದೇ ಆಯ್ತು."

ಇಬ್ಬರೂ ಕೂತರು. ಇನ್‌ಸ್ಪೆಕ್ಟರ್ ಕೇಳಿದರು. "ಬುಧವಾರ ಸಂಜೆ ನಾಲ್ಕರಿಂದ ಆರರವರೆಗೆ ಎಲ್ಲಿದ್ರಿ ಯಜಮಾನ್ರೆ?"

"ಸಾಹುಕಾರ್ರ ಮನೆ ಗ್ಯಾರೇಜಲ್ಲಿ."

"ಅಕ್ಷರ?"

ಮುದುಕ ಎದ್ದು ಮೂಲೆಯ ತಗಡಿನ ಡಬ್ಬಿ ತಂದರು. ಹತ್ತಿಯ ನಡುವೆ ಅದು ಮಲಗಿತ್ತು. ನಿನ್ನೆ ತಾನೇ ಹುಟ್ಟಿದಂತೆ ಹೊಳೆಯುತ್ತಿತ್ತು. ಕದ್ದ ಮೇಲೆ ತೊಳೆದು ಉಜ್ಜಿ ಇಟ್ಟಿದ್ದರು. ಕೆಂಪು ಎಂದರೆ ಎಂಥ ಕೆಂಪು! ಸೂರ್ಯ ಬಂದು ಸಾಲ ಕೇಳಿಕೊಂಡು ಹೋಗಬೇಕು, ಅಂಥದ್ದು.

"ನೀವು ಮಾಡಿದ್ದಾ?"

"ಹೂಂ. ಹಿತ್ತಾಳೆ ತಗಡು. ಕೈಗರಗಸದಲ್ಲಿ ಕೊಯ್ದು, ಹನ್ನೊಂದು ಸಲ ಬಣ್ಣ ಕೊಟ್ಟೆ. ಮೂವತ್ತೊಂದು ವರ್ಷ ಆಯ್ತು, ಒಂದು ಬಿರುಕು ಬಿಟ್ಟಿಲ್ಲ ನೋಡಿ." ಹೇಳುತ್ತಿದ್ದಂತೆ ಮುಖ ಅರಳಿತು. ಅರಳಿದ್ದು ತಮಗೇ ಗೊತ್ತಾಗಿ ತಲೆ ತಗ್ಗಿಸಿದರು.

"ಯಾರು ಮಾಡಿಸಿದ್ದು?"

"ದೊಡ್ಡ ಸಾಹುಕಾರ್ರು. ನಾನು ಹೊಡೆದ ಹೊಸ ಬಣ್ಣ ಒಣಗಿ, ಗಾಡಿ ಒಯ್ಯೋಕೆ ಬಂದ ದಿನ ಕೇಳಿದ್ರು. ಒಂದು ಅಕ್ಷರ ತಾನೇ, ಯಾರ ಮನೆ ಮುರಿಯುತ್ತೆ ಅಂದ್ರು. ಮೊದಲೇ ಕೇಳಿದ್ರೆ ತೂತಿಗೂ ಬಣ್ಣ ಹೊಡೀತಿದ್ದೆ. ಆಗ ಯಾರಪ್ಪನಿಂದಲೂ ಕಂಡುಹಿಡಿಯೋಕೆ ಆಗ್ತಿರಲಿಲ್ಲ."

"ಸರಿ. ಮೂವತ್ತೊಂದು ವರ್ಷ ಸುಮ್ನಿದ್ದು ಈಗ ಯಾಕೆ ಕದ್ರಿ?"

 ಹೊರಗೆ ಗೂಡ್ಸ್ ರೈಲೊಂದು ಹೋಯಿತು. ಅದಕ್ಕೆ ಸಾವಿರ ಬೋಗಿ ಇದ್ದಂತಿತ್ತು. ಕೊನೆಯ ಬೋಗಿ ದಾಟುವವರೆಗೂ ಮುದುಕ ಡಬ್ಬಿಯ ಹತ್ತಿಯನ್ನು ಸರಿಮಾಡುತ್ತಿದ್ದರು.

"ಅಕ್ಷರ ಕೊಯ್ದಿದ್ದು ಅವರ ಮಾತಿಗೆ ಸಾರ್. ಮಗಳಿಗೆ ಹೇಳಿದ್ದು ಮಾತ್ರ ನನ್ನ ಜಂಬಕ್ಕೆ."

"ಏನು ಹೇಳಿದ್ರಿ?"

"ಅವಳಿಗೆ ಏಳು ವರ್ಷ. ಶೆಡ್ಡಿಗೆ ಬಂದು, ಅಪ್ಪಾ ಇದು ಯಾವ ಕಾರು ಅಂದ್ಳು. ಪ್ರಪಂಚದಲ್ಲಿ ಅರವತ್ತೆರಡೇ ಇರೋದು ಪುಟ್ಟಿ, ಅದರಲ್ಲಿ ಒಂದಕ್ಕೆ ಬಣ್ಣ ಹೊಡೆದ ಕೈ ಇದು, ಅಂದೆ. ಅವಳು ನನ್ನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ಳು ಸಾರ್. ಅವತ್ತಿಂದ ಗಾಡಿ ಹುಚ್ಚು. ಓದಿದ್ದು ಅದೇ, ಕೆಲಸ ಮಾಡಿದ್ದು ಅದೇ. ಹೋದ ತಿಂಗಳು ಓಡಿ ಬಂದು, ಅಪ್ಪಾ, ನಿನ್ನ ಆರ್‌ಗೆ ನಾನೇ ಪ್ರಮಾಣಪತ್ರ ಕೊಡ್ತಿದೀನಿ, ಅದು ಅಸಲಿ ಅಂತ ನಿನ್ನ ಹೇಳಿಕೆ ಬೇಕು, ಅಂದ್ಳು."

"ಕೊಟ್ರಾ?"

"ಕೊಟ್ಟೆ." ಆ ಶಬ್ದ ಎಷ್ಟು ಸಣ್ಣಗೆ ಬಂತೆಂದರೆ ದಫೇದಾರ ಪೆನ್ನು ನಿಲ್ಲಿಸಿ ಮುಂದೆ ಬಾಗಬೇಕಾಯಿತು. "ಒಂದು ತಿಂಗಳು ಬಾಯಿ ತೆರೆಯೋಕೆ ನೋಡಿದೆ. ದಿನಾ ಊಟಕ್ಕೆ ಎದುರಿಗೆ ಕೂತ್ಕೋತಾಳೆ. ಆಗಲಿಲ್ಲ. ಅಕ್ಷರ ಇಲ್ಲದಿದ್ರೆ ಸಹಿ ಹಾಕೋ ಹಾಗಿಲ್ಲ, ಪ್ರದರ್ಶನ ದಾಟಿಬಿಟ್ರೆ ಸಾಹುಕಾರ್ರೂ ಮರೀತಾರೆ ಅಂದ್ಕೊಂಡೆ."

"ಕದಿಯೋದು ಕದ್ರಿ, ಮೇಣ ಯಾಕೆ ಹಾಕಿದ್ರಿ? ಅದೇ ನಿಮ್ಮನ್ನ ಹಿಡಿದುಕೊಟ್ಟಿದ್ದು."

ಇಲ್ಲಿ ಮುದುಕ ಮೊದಲ ಬಾರಿ ಇನ್‌ಸ್ಪೆಕ್ಟರ ಮುಖವನ್ನು ನೇರ ನೋಡಿದರು. ಪ್ರಶ್ನೆಯೇ ಅರ್ಥವಾಗದವರ ಹಾಗೆ. "ತೂತು ತೆರೆದು ಬಿಟ್ಟು ಬರೋಕೆ ಆಗುತ್ತಾ ಸಾರ್? ತುಕ್ಕು ಹಿಡಿಯಲ್ವಾ?"

ಹತ್ತು ಗಂಟೆ ಹತ್ತು ನಿಮಿಷಕ್ಕೆ ಅಕ್ಷರವನ್ನು ಜಪ್ತಿ ಮಾಡಿ, ಬಂಧನದ ವಿಷಯ ತಿಳಿಸಲಾಯಿತು. ಮುದುಕ ಅಂಗಿ ಬದಲಿಸಿ ಬಂದರು. ಬಾಗಿಲಲ್ಲಿ ನಿಂತು ಕೈ ಮುಗಿದರು.

"ಒಂದು ಕೇಳ್ತೀನಿ ಸಾರ್. ಕಳ್ಳ ಅಂತ ಬರ್ಕೊಳ್ಳಿ. ಆಸೆಗೆ ಬಿದ್ದು ಕದ್ದ, ಮಾರೋಕೆ ಕದ್ದ, ಏನು ಬೇಕಾದ್ರೂ ಬರ್ಕೊಳ್ಳಿ, ಸಹಿ ಹಾಕ್ತೀನಿ. ಆದರೆ ಅದನ್ನ ಮಾಡಿದ್ದು ನಾನು ಅಂತ ಅವಳಿಗೆ ಹೇಳ್ಬೇಡಿ. ಅಪ್ಪ ಕಳ್ಳ ಅಂದ್ರೆ ತಡ್ಕೋತಾಳೆ. ಆ ಕೈ ಸುಳ್ಳು ಅಂದ್ರೆ..."

ಇನ್‌ಸ್ಪೆಕ್ಟರ ಎದೆಯ ಜೇಬಿನಲ್ಲಿ ಲಕೋಟೆ ಕಬ್ಬಿಣದ ಹಲಗೆಯಂತೆ ಭಾರವಾಯಿತು. ಹೇಳಬೇಕೆಂದು ಬಾಯಿ ತೆರೆದರು. ಲಕ್ಷ ಕಳ್ಳರ ಬಾಯಿ ಬಿಡಿಸಿದ ಅವರ ಬಾಯಿಂದ ಹೊರಟದ್ದು ಇಷ್ಟೇ: "ನಡೀರಿ ಯಜಮಾನ್ರೆ."

ಕಾರಿನ ಹಿಂದೆ ಬಂದಾಗ ಮುದುಕ ಅಭ್ಯಾಸಬಲದಿಂದ ನಿಂತುಬಿಟ್ಟರು. ಬೆಳ್ಳಿಬಣ್ಣದ ಅಕ್ಷರಗಳ ಮೇಲೆ ಬೆರಳಾಡಿಸಿದರು. ದಫೇದಾರ ತಟ್ಟನೆ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದ.

"ಇದು ಕಂಪನಿದಲ್ಲ ಸಾರ್," ಎಂದರು ಮುದುಕ. ಹಂಗಿಸುವ ಧ್ವನಿಯೇನೂ ಇರಲಿಲ್ಲ. ವೈದ್ಯರು ನಾಡಿ ನೋಡಿ ಹೇಳುವ ಹಾಗೆ ಹೇಳಿದರು. "ಕೆಳಗಡೆ ಅಂಟು ಬಿಟ್ಟಿದೆ. ನೀರು ನಿಂತ್ರೆ ಬಣ್ಣ ಉಬ್ಬುತ್ತೆ. ಗಟ್ಟಿ ದಾರ ಹಾಕಿ ಗರಗಸದ ಹಾಗೆ ಎಳೆದ್ರೆ ಬಂದುಬಿಡುತ್ತೆ. ಚಾಕು ಹಾಕ್ಬೇಡಿ."

"ಆಗ್ಲಿ," ಎಂದರು ಇನ್‌ಸ್ಪೆಕ್ಟರ್. ಅವರ ಕಿವಿ ಡಬ್ಬಿಯೊಳಗಿನ ಆರ್‌ಗಿಂತ ಕೆಂಪಾಗಿತ್ತು.

ಠಾಣೆಯ ಬಾಗಿಲಲ್ಲಿ ಮುದುಕ ಚಪ್ಪಲಿ ಬಿಟ್ಟರು. "ಇಲ್ಲಿ ಬೇಡ ಅಜ್ಜಾ," ಎಂದ ದಫೇದಾರ, "ಈ ಜಾಗದಲ್ಲಿ ನೂರು ವರ್ಷದ ಧೂಳಿದೆ." ಆದರೂ ಬಿಟ್ಟೇ ಒಳಗೆ ಹೋದರು. ಸ್ವಇಚ್ಛಾ ಹೇಳಿಕೆ ಹನ್ನೊಂದು ಇಪ್ಪತ್ತಕ್ಕೆ ಮುಗಿಯಿತು. ಇನ್‌ಸ್ಪೆಕ್ಟರ್ ಇದ್ದದ್ದನ್ನು ಇದ್ದಂತೆಯೇ ಬರೆಸಿದರು. ಅಕ್ಷರ ಕೊಯ್ದದ್ದು, ತೂತು ಕೊರೆದದ್ದು, ಸುಳ್ಳು ಹೇಳಿಕೆ ಕೊಟ್ಟದ್ದು. ಓದಿ ಹೇಳಿದಾಗ ಮುದುಕ ತಲೆ ಎತ್ತದೆ ಕೇಳಿ, ಎತ್ತದೆ ಸಹಿ ಹಾಕಿದರು.

ಠಾಣೆಯಲ್ಲೇ ಜಾಮೀನು ಕೊಡಬಹುದಾದ ಪ್ರಕರಣ. ಹನ್ನೆರಡಕ್ಕೆ ಪರೀಕ್ಷಕಿ ಬಂದರು. ಬಾಗಿಲಲ್ಲಿ ಚಪ್ಪಲಿಯನ್ನು ಕಂಡು ಅರೆಕ್ಷಣ ನಿಂತರು. ಒಳಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪ ಆಕೆಯ ಹೆಜ್ಜೆ ಗುರುತಿಸಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಆಕೆ ನೋಡಿದರು. ದಫೇದಾರ ಜಾಮೀನಿನ ನಮೂನೆ ಮುಂದಿಟ್ಟ. ಕಿವಿಯ ಹಿಂದಿನ ಪೆನ್ಸಿಲ್ಲಿಗೆ ಹೋದ ಕೈ ವಾಪಸ್ ಬಂದು, ಅವನ ಪೆನ್ನು ಕೇಳಿ ತೆಗೆದುಕೊಂಡಿತು. ‘ಆರೋಪಿಗೂ ಜಾಮೀನುದಾರರಿಗೂ ಇರುವ ಸಂಬಂಧ’ ಎಂಬಲ್ಲಿ ಆಕೆ ಬರೆದರು: ಮಗಳು. ಸ್ವಲ್ಪ ತಡೆದು, ಅಲ್ಪವಿರಾಮ ಹಾಕಿ ಸೇರಿಸಿದರು: ಶಿಷ್ಯೆ.

"ಮೇಡಂ," ಇನ್‌ಸ್ಪೆಕ್ಟರ್ ಸಣ್ಣ ದನಿಯಲ್ಲಿ ಕೇಳಿದರು, "ಆ ಎರಡು ಸಾಲು ಬರೀಬೇಕಾಗಿತ್ತಾ?"

"ಹನ್ನೆರಡು ವರ್ಷದಿಂದ ಊರಿನವರ ಗಾಡಿಗಳ ಸುಳ್ಳು ಹುಡುಕಿದೀನಿ ಸಾರ್. ಎಷ್ಟು ಜನರನ್ನ ಅವರ ಮಕ್ಕಳ ಎದುರಿಗೇ ತಲೆ ತಗ್ಗಿಸೋ ಹಾಗೆ ಮಾಡಿದೀನೋ ಲೆಕ್ಕವಿಲ್ಲ. ನಮ್ಮನೇದು ಬಂದಾಗ ಬಿಟ್ಟುಬಿಡ್ಲಾ?" ಆಕೆ ಪೆನ್ನು ವಾಪಸ್ ಕೊಟ್ಟರು. "ಆದ್ರೂ ನಿನ್ನೆ ರಾತ್ರಿ ಊಟಕ್ಕೆ ಎದುರಿಗೆ ಕೂತಾಗ ನನಗೂ ಬಾಯಿ ಬರಲಿಲ್ಲ. ಅವರಿಗೆ ಬರದ ಹಾಗೆ."

ಆಮೇಲೆ ಹೊರಗೆ ಹೋಗಿ ಬಾಗಿಲಲ್ಲಿದ್ದ ಚಪ್ಪಲಿಯನ್ನು ಕೈಯಲ್ಲೇ ಎತ್ತಿಕೊಂಡು ಬಂದು ಅಪ್ಪನ ಕಾಲ ಬಳಿ ಇಟ್ಟರು. "ನಡಿ ಅಪ್ಪಾ. ಊಟ ಆರುತ್ತೆ."

ಮುದುಕ ಚಪ್ಪಲಿ ಮೆಟ್ಟಲು ಬಾಗಿದಾಗ ಆಧಾರಕ್ಕೆ ಕೈ ಮುಂದೆ ಬರಲೇಬೇಕಾಯಿತು. ಮಗಳು ಹಿಡಿದುಕೊಂಡರು.

ಭಾನುವಾರದ ಪ್ರದರ್ಶನದಲ್ಲಿ ಸಾಹುಕಾರರ ಜಾಗ ಖಾಲಿ ಉಳಿಯಿತು. ಪ್ರಕರಣದ ಕೊನೆಯ ಟಿಪ್ಪಣಿಯಲ್ಲಿ, ಕೃತ್ಯದ ಉದ್ದೇಶ ಎಂಬ ಅಂಕಣದ ಮುಂದೆ ಇನ್‌ಸ್ಪೆಕ್ಟರ್ ‘ಲಾಭ’ ಎಂದು ಬರೆದು ಹೊಡೆದುಹಾಕಿ, ‘ನಾಚಿಕೆ’ ಎಂದು ಬರೆದರು. ಮೇಲಧಿಕಾರಿಗಳು ಅದರ ಕೆಳಗೆ ಕೆಂಪು ಗೆರೆ ಎಳೆದು, ಇದು ಕಾನೂನಿನಲ್ಲಿ ಎಲ್ಲಿದೆ ಎಂದು ಕೇಳಿ ಕಳಿಸಿದರು.

ಆ ಪ್ರಶ್ನೆ ಬಂದ ದಿನ ಸಂಜೆ ಐದಕ್ಕೆ ದಫೇದಾರ ಕಿಟಕಿಯಿಂದ ಅಂಗಳ ನೋಡಿದ. ಇನ್‌ಸ್ಪೆಕ್ಟರ್ ತಮ್ಮ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಗಟ್ಟಿ ದಾರದ ಎರಡು ತುದಿ ಹಿಡಿದು, ಗರಗಸದ ಹಾಗೆ ಎಳೆಯುತ್ತಿದ್ದರು. ಒಂದೊಂದೇ ಅಕ್ಷರ ಕಳಚಿ ಅವರ ಅಂಗೈಗೆ ಬಿತ್ತು. ಎಲ್ಲ ಮುಗಿದ ಮೇಲೆ ಎದ್ದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಎರಡು ವರ್ಷದ ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿ, ಅಕ್ಷರ ಇದ್ದ ಕಡೆ ಮಾತ್ರ ಹೊಸದಾಗಿ ಉಳಿದಿತ್ತು. ಟರ್ಬೊ. ಮೊದಲಿಗಿಂತ ಸ್ಪಷ್ಟವಾಗಿ ಓದಬಹುದಿತ್ತು.

ದಫೇದಾರ ಹೊರಗೆ ಬಂದ. ಅವನ ನಾಲಿಗೆಯ ತುದಿಗೆ ಹತ್ತು ಜೋಕು ಬಂದಿದ್ದವು. ನುಂಗಿಕೊಂಡ.

"ಬಿಸಿಲಿಗೆ ಬಿಟ್ರೆ ಹೋಗುತ್ತೆ ಸಾರ್," ಎಂದ. "ಟೈಮ್ ತಗೊಳ್ಳುತ್ತೆ ಅಷ್ಟೆ."

ಇನ್‌ಸ್ಪೆಕ್ಟರ್ ಕಾರನ್ನು ಮರದ ನೆರಳಿನಿಂದ ತೆಗೆದು, ರಸ್ತೆಗೆ ಬೆನ್ನು ಕಾಣುವ ಹಾಗೆ, ಬಯಲಿನಲ್ಲಿ ನಿಲ್ಲಿಸಿದರು.